ಗಾಲ್ಫ್ ಚಿತ್ರದಲ್ಲಿ ಪಾದ ಕತ್ತರಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಕ್ರೀಡಾ ಪುಟದಲ್ಲಿ ಗಾಲ್ಫ್ ಕಲಿಯುವವರಿಗಾಗಿ ಒಂದು ಪುಟ್ಟ ಬರಹ ಬಂದಿತ್ತು. ಗಾಲ್ಫ್ ಬಗ್ಗೆ ಕನ್ನಡದಲ್ಲಿ ಏನೇ ಬಂದರೂ ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಇದನ್ನೂ ಇಟ್ಟುಕೊಂಡೆ. ಆದರೆ ಎರಡು ವಿಷಯ ಮನಸ್ಸಿಗೆ ಚುಚ್ಚಿದವು. ಒಂದು, ಸೊಂಟವನ್ನು ಜೋರಾಗಿ ತಿರುಗಿಸಿದರೆ ಚೆಂಡು ದೂರ ಹೋಗುತ್ತದೆ ಎಂಬ ಸಾಲು. ಇನ್ನೊಂದು, ಅದರ ಜತೆಗಿದ್ದ ಚಿತ್ರ. ಆಟಗಾರ ಕ್ಲಬ್ಬನ್ನು, ಅಂದರೆ ಚೆಂಡು ಹೊಡೆಯುವ ಕೋಲನ್ನು, ಮೇಲೆತ್ತಿ ನಿಂತಿದ್ದಾನೆ. ಮುಖ ಇದೆ, ಭುಜ ಇದೆ, ಬೆಲ್ಟಿನವರೆಗೆ ಎಲ್ಲವೂ ಇದೆ. ಅಲ್ಲಿಂದ ಕೆಳಗೆ ಕತ್ತರಿ ಬಿದ್ದಿದೆ. ಕಾಲೇ ಇಲ್ಲ!

ಸ್ವಿಂಗ್, ಅಂದರೆ ಕ್ಲಬ್ ಬೀಸುವ ಚಲನೆ, ಹುಟ್ಟುವುದೇ ಪಾದದಲ್ಲಿ. ಅದನ್ನೇ ಚಿತ್ರದಿಂದ ತೆಗೆದುಹಾಕಿ ಸೊಂಟ ತಿರುಗಿಸಿ ಅಂದರೆ ಓದಿದವರು ಏನು ಮಾಡಬೇಕು? ಇದೇ ಮಾತನ್ನು ನಂಬಿ ನಾನು ಐದು ತಿಂಗಳು ಬೆನ್ನುನೋವು ಅನುಭವಿಸಿದ್ದೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಕನಾಗಿದ್ದವನು. ಗುಂಡು ಎಸೆತ, ಚಕ್ರ ಎಸೆತ, ವಾಲಿಬಾಲ್, ಕಬಡ್ಡಿ, ಖೊಖೊ, ಇವೇ ನನ್ನ ಪ್ರಪಂಚ. ಗಾಲ್ಫ್ ನಮ್ಮಂಥವರ ಆಟ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಕಡೆ ಹೋಗುವಾಗ ರೇಸ್‌ಕೋರ್ಸ್ ಬೇಲಿಯಾಚೆ ಹಸಿರಿನ ಮೇಲೆ ಟೋಪಿ ಹಾಕಿದವರು ನಡೆದು ಹೋಗುವುದು ಕಾಣಿಸುತ್ತಿತ್ತು, ಅಷ್ಟೆ. ಆಮೇಲೆ 2021ರ ಆಗಸ್ಟ್ 7 ಬಂತು. ಟೋಕಿಯೊ ಒಲಿಂಪಿಕ್ಸ್. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಮೂರನೇ ಸುತ್ತು ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಆ ಶನಿವಾರ ನಸುಕಿನಲ್ಲೇ ಎದ್ದು ಟಿವಿ ಮುಂದೆ ಕೂತವರಲ್ಲಿ ನಾನೂ ಒಬ್ಬ. ಬೋಗಿ ಯಾವುದು, ಬರ್ಡಿ ಯಾವುದು ಅಂತ ಗೊತ್ತಿಲ್ಲದೆ ಕೂತಿದ್ದೆ. ಕೊನೆಗೆ ಅವರು 15 ಅಂಡರ್ (ನಿಗದಿಯಾದ ಹೊಡೆತಗಳಿಗಿಂತ 15 ಕಡಿಮೆ), ಕಂಚು ಗೆದ್ದ ಲಿಡಿಯಾ ಕೋ 16 ಅಂಡರ್. ಒಂದೇ ಒಂದು ಹೊಡೆತ! ನಾಲ್ಕನೇ ಸ್ಥಾನ. ಆ ಬೆಳಿಗ್ಗೆ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ.

ಆದರೆ 31 ವರ್ಷ ಮಕ್ಕಳ ಕಾಲು ನೋಡಿ ನೋಡಿ ಅಭ್ಯಾಸವಾದ ಕಣ್ಣು ಅಲ್ವಾ, ಅದು ಇನ್ನೊಂದನ್ನೂ ನೋಡುತ್ತಿತ್ತು. ಜತೆಯಲ್ಲಿ ಆಡುತ್ತಿದ್ದ ನೆಲ್ಲಿ ಕೋರ್ಡಾ ಹೊಡೆದ ಚೆಂಡು ಎಷ್ಟೋ ಸಲ ಅದಿತಿಯ ಚೆಂಡಿಗಿಂತ ತುಂಬಾ ಮುಂದೆ ಹೋಗಿ ಬೀಳುತ್ತಿತ್ತು. ಅದಿತಿ ಅದನ್ನು ಪಟ್ಟಿಂಗ್‌ನಲ್ಲಿ, ಅಂದರೆ ಚೆಂಡನ್ನು ಮೆಲ್ಲಗೆ ಗುಂಡಿಗೆ ಉರುಳಿಸುವುದರಲ್ಲಿ, ಸರಿದೂಗಿಸುತ್ತಿದ್ದರು. ಆ ವರ್ಷ ಕೋವಿಡ್ ಆಗಿ ಶಕ್ತಿ ಕುಗ್ಗಿದೆ, ಹೊಡೆತದ ದೂರ ಕಡಿಮೆಯಾಗಿದೆ ಎಂದು ಅವರೇ ಹೇಳಿದ್ದರು. ನನಗೆ ಆಗ ಹೊಳೆದದ್ದು ಇಷ್ಟೆ. ಐದು ವರ್ಷದ ಮಗುವಿನಿಂದ ಆಡಿಕೊಂಡು ಬಂದವರ ತಂತ್ರ ಕಾಯಿಲೆಯಿಂದ ಮರೆತು ಹೋಗುವುದಿಲ್ಲ. ತಿರುವು ಹಾಗೇ ಇರುತ್ತದೆ. ಆ ತಿರುವಿಗೆ ಕೆಳಗಿನಿಂದ ಬರಬೇಕಾದ ಬಲ ಕಡಿಮೆಯಾಗುತ್ತದೆ.

ನಿವೃತ್ತನಾದ ಮೇಲೆ ಒಂದು ಪ್ರಾಕ್ಟೀಸ್ ರೇಂಜ್‌ಗೆ ಸೇರಿಕೊಂಡೆ. ಯಾವ ಊರು, ಯಾರು ಕಲಿಸಿದರು ಅಂತ ಹೇಳುವುದು ಬೇಡ. ಅವರು ಮನಸ್ಸಿಟ್ಟೇ ಕಲಿಸಿದರು. ಆದರೆ ಕಲಿಸಿದ್ದು ಎರಡೇ ಮಾತು. ತಲೆ ಅಲುಗಿಸಬೇಡಿ. ಸೊಂಟ ಬೇಗ ತಿರುಗಿಸಿ. ಮನೆಗೆ ಬಂದು ಮೊಬೈಲ್ ತೆರೆದರೆ ಅರ್ಧ ನಿಮಿಷದ ವಿಡಿಯೊಗಳಲ್ಲೂ ಇದೇ. ನಾನು ಶಿಸ್ತಿನ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದೆ. ದಿನಕ್ಕೆ 100 ಚೆಂಡು. ತಲೆಯನ್ನು ಮೊಳೆ ಹೊಡೆದ ಹಾಗೆ ಹಿಡಿದು, ಸೊಂಟವನ್ನು ಬಲವಂತವಾಗಿ ತಿರುಗಿಸುತ್ತಿದ್ದೆ. ಚೆಂಡು ಪ್ರತಿ ಸಲ ಬಲಕ್ಕೆ ಬಾಗಿ ಬೇಲಿ ಕಡೆ ಓಡುತ್ತಿತ್ತು. ಎರಡು ತಿಂಗಳಲ್ಲಿ ಕೆಳಬೆನ್ನು ಹಿಡಿದುಕೊಂಡಿತು. ಬೆಳಿಗ್ಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ.

ಕೊನೆಗೆ ಫಿಸಿಯೊಥೆರಪಿಸ್ಟ್ ಹತ್ತಿರ ಹೋದೆ. ಆ ಹುಡುಗಿ ಒಂದು ಛತ್ರಿ ಕೈಗೆ ಕೊಟ್ಟು, ಹೇಗೆ ಹೊಡೆಯುತ್ತೀರಿ ತೋರಿಸಿ ಅಂದಳು. ತೋರಿಸಿದೆ. ಅವಳು ಹೇಳಿದ್ದು ನನಗೆ ದೊಡ್ಡ ಪಾಠವಾಯಿತು. ಕೆಳಬೆನ್ನಿನ ಐದು ಮೂಳೆಗಳಿವೆಯಲ್ಲ, ಅವು ಬಗ್ಗುವುದಕ್ಕೆ ಇರುವವು, ತಿರುಗುವುದಕ್ಕಲ್ಲ. ಐದೂ ಸೇರಿ 10–15 ಡಿಗ್ರಿ ತಿರುಗಿದರೆ ಹೆಚ್ಚು. ನಿಜವಾಗಿ ತಿರುಗುವುದು ಅದರ ಕೆಳಗಿನ ತೊಡೆ ಕೀಲು ಮತ್ತು ಅದರ ಮೇಲಿನ ಎದೆಗೂಡಿನ ಬೆನ್ನು. ನೀವು ಕಾಲನ್ನು ನೆಟ್ಟು, ತಲೆಯನ್ನು ಕಟ್ಟಿ, ನಡುವೆ ತಿರುಗಿ ಅಂದರೆ ಪೂರ್ತಿ ಹಿಂಡುವಿಕೆ ಆ ಐದು ಮೂಳೆಗಳ ಮೇಲೇ ಬೀಳುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಗಾಲ್ಫ್ ಆಡುವವರಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ನೋವು ಕೆಳಬೆನ್ನಿನದೇ.

ಅಲ್ಲಿಂದ ನಾನು ಪಾದದಿಂದ ಮತ್ತೆ ಶುರು ಮಾಡಿದೆ. ಓದಿದೆ, ಒಳ್ಳೆಯ ಆಟಗಾರರ ನಿಧಾನ ಚಲನೆಯ ವಿಡಿಯೊಗಳನ್ನು ಮುಖ ನೋಡದೆ ಬರೀ ಶೂ ನೋಡಿಕೊಂಡು ನೋಡಿದೆ. ಆಗ ಗೊತ್ತಾಯಿತು, ಇದು ನಾನು ಮಕ್ಕಳಿಗೆ 31 ವರ್ಷ ಹೇಳಿಕೊಟ್ಟ ವಿಷಯವೇ. ಗುಂಡು ಎಸೆಯುವ ಹುಡುಗನಿಗೆ ಕೈಯಿಂದ ಎಸೆ ಅಂತ ನಾನು ಯಾವತ್ತೂ ಹೇಳಿದವನಲ್ಲ. ಬಲಗಾಲಿನಿಂದ ನೆಲ ಒತ್ತು, ಎಡಗಾಲಿಗೆ ಬಾ, ಆಮೇಲೆ ಎದೆ, ಕೈ ಕಟ್ಟಕಡೆಗೆ ಅನ್ನುತ್ತಿದ್ದೆ.

ಮಾವಿನಮರಕ್ಕೆ ಕಲ್ಲು ಬೀಸುವ ಹುಡುಗನನ್ನು ನೋಡಿ. ಯಾರೂ ಅವನಿಗೆ ಕಲಿಸಿಲ್ಲ. ಕಲ್ಲು ಹಿಡಿದ ಕೈ ಇನ್ನೂ ಹಿಂದಕ್ಕೆ ಹೋಗುತ್ತಲೇ ಇರುತ್ತದೆ, ಅಷ್ಟರಲ್ಲಿ ಅವನ ಎಡಗಾಲು ಮುಂದೆ ಬಂದು ನೆಲಕ್ಕೆ ಊರಿರುತ್ತದೆ. ಕಾಲು ಊರಿದ ಮೇಲೆ ಸೊಂಟ ತಿರುಗುತ್ತದೆ, ಆಮೇಲೆ ಭುಜ, ಕೊನೆಗೆ ಕೈ. ಅವನಿಗೆ ಮೊದಲು ಸೊಂಟ ತಿರುಗಿಸು, ಕಾಲು ಆಮೇಲೆ ಇಡು ಅಂತ ಹೇಳಿ ನೋಡಿ, ಕಲ್ಲು ಮರದ ಬುಡಕ್ಕೂ ಹೋಗುವುದಿಲ್ಲ. ಭತ್ತದ ಕಟ್ಟನ್ನು ಹಿಂದಕ್ಕೆ ಬೀಸಿ ಕಲ್ಲಿಗೆ ಬಡಿಯುವ ಹೆಂಗಸರ ಕಾಲನ್ನು ಗಮನಿಸಿ, ಅಲ್ಲೂ ಇದೇ. ಚಿನ್ನಿದಾಂಡು ಆಡಿದವರಿಗಂತೂ ಹೇಳುವುದೇ ಬೇಡ.

ಗಾಲ್ಫ್‌ನಲ್ಲಿ ನಡೆಯುವುದನ್ನು ಬಲಗೈ ಆಟಗಾರನ ಲೆಕ್ಕದಲ್ಲಿ ಹೇಳುತ್ತೇನೆ. ನಿಂತಾಗ ಎರಡೂ ಕಾಲಿನ ಮೇಲೆ ಹೆಚ್ಚುಕಡಿಮೆ ಸಮ ಭಾರ. ಕ್ಲಬ್ ಹಿಂದಕ್ಕೆ ಹೊರಟ ಕೂಡಲೇ ಒತ್ತಡ ಬಲಪಾದದ ಒಳಅಂಚು ಮತ್ತು ಹಿಮ್ಮಡಿ ಕಡೆ ಹೋಗುತ್ತದೆ. ಎಡಗೈ ನೆಲಕ್ಕೆ ಸಮವಾಗುವ ಹೊತ್ತಿಗೆ ಸುಮಾರು ಮುಕ್ಕಾಲು ಭಾಗ ಬಲಕ್ಕೆ ಹೋಗಿಬಿಟ್ಟಿರುತ್ತದೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದರ ಮುಂದಿನದು. ಒಳ್ಳೆಯ ಆಟಗಾರರಲ್ಲಿ ಕ್ಲಬ್ ಇನ್ನೂ ಮೇಲಕ್ಕೆ ಹೋಗುತ್ತಿರುವಾಗಲೇ ಒತ್ತಡ ವಾಪಸ್ ಎಡಕ್ಕೆ ಹೊರಟಿರುತ್ತದೆ. ಕಲ್ಲು ಬೀಸುವ ಹುಡುಗನ ಹಾಗೇ, ಮೇಲಿನ ಅರ್ಧ ಹಿಂದಕ್ಕೆ, ಕೆಳಗಿನ ಅರ್ಧ ಮುಂದಕ್ಕೆ. ನನ್ನ ಹಾಗೆ ತಡವಾಗಿ ಕಲಿತವರು ಕ್ಲಬ್ ಮೇಲೆ ನಿಲ್ಲುವವರೆಗೂ ಬಲಗಾಲಲ್ಲೇ ಕೂತಿರುತ್ತಾರೆ. ಅಲ್ಲಿಂದ ಹೊರಟರೆ ಸಮಯವೆಲ್ಲಿದೆ? ಕ್ಲಬ್ ಹಿಂದಕ್ಕೆ ಹೋಗಲು ಸುಮಾರು ಮುಕ್ಕಾಲು ಸೆಕೆಂಡ್, ಕೆಳಗೆ ಬಂದು ಚೆಂಡಿಗೆ ತಾಗಲು ಬರೀ ಕಾಲು ಸೆಕೆಂಡ್. ಆ ಕಾಲು ಸೆಕೆಂಡಿನಲ್ಲಿ ಭಾರವನ್ನೂ ಸಾಗಿಸಿ ಮೈಯನ್ನೂ ತಿರುಗಿಸುವುದು ಆಗದ ಮಾತು. ಕ್ಲಬ್ ಮತ್ತು ಚೆಂಡು ಒಂದಕ್ಕೊಂದು ಅಂಟಿಕೊಂಡಿರುವುದಂತೂ ಸೆಕೆಂಡಿನ 2000ದಲ್ಲಿ ಒಂದು ಪಾಲು.

ಚೆಂಡಿಗೆ ತಾಗುವ ಕ್ಷಣದಲ್ಲಿ ಐರನ್, ಅಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್ಬಾದರೆ ಸಾಮಾನ್ಯವಾಗಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಒತ್ತಡ ಎಡಗಾಲಿನ ಮೇಲಿರುತ್ತದೆ. ಬಲ ಹಿಮ್ಮಡಿ ಎದ್ದಿರುತ್ತದೆ. ಇಲ್ಲಿ ಭಾರ ಎಂದಾಗ ಮೈಯೆಲ್ಲ ಅತ್ತ ಇತ್ತ ವಾಲಬೇಕು ಅಂತ ಅರ್ಥ ಮಾಡಿಕೊಳ್ಳಬೇಡಿ, ನಾನು ಹಾಗೆ ಮಾಡಿ ಒಂದು ತಿಂಗಳು ಹಾಳು ಮಾಡಿಕೊಂಡೆ. ಮೈ ಸರಿಯುವುದು ಸ್ವಲ್ಪವೇ. ಪಾದ ನೆಲವನ್ನು ಒತ್ತುವುದು ಮಾತ್ರ ತುಂಬಾ. ಮನೆಯಲ್ಲೇ ನೋಡಬೇಕಾದರೆ ಮುಳ್ಳು ಇರುವ ಹಳೇ ಕಾಲದ ತೂಕದ ಯಂತ್ರ ಎರಡು ತಂದು ಒಂದೊಂದರ ಮೇಲೆ ಒಂದೊಂದು ಕಾಲಿಡಿ. ಕೈಯಲ್ಲಿ ಏನೂ ಬೇಡ, ನಿಧಾನವಾಗಿ ಸ್ವಿಂಗ್ ಮಾಡಿ. ಜತೆಯಲ್ಲಿ ಯಾರಾದರೂ ಮುಳ್ಳು ನೋಡಲಿ. ನನ್ನ ಹೆಂಡತಿ ನೋಡಿ ಹೇಳಿದಳು, ತಲೆ ಅಲುಗಿಸದೆ ಹಿಂದಕ್ಕೆ ತಿರುಗಿದಾಗ ಎಡಗಡೆ ಮುಳ್ಳೇ ಮೇಲೇರುತ್ತಿದೆ ಎಂದು. ಅಂದರೆ ಹಿಂದಕ್ಕೆ ತಿರುಗುವಾಗ ಎಡಕ್ಕೆ ಬಾಗುತ್ತಿದ್ದೆ, ಹೊಡೆಯುವಾಗ ಬಲಕ್ಕೆ ಬೀಳುತ್ತಿದ್ದೆ. ಪೂರ್ತಿ ಉಲ್ಟಾ. ಇದನ್ನು ರಿವರ್ಸ್ ಪಿವಟ್ ಅನ್ನುತ್ತಾರೆ. ಬೆನ್ನಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ತಲೆ ಅಲುಗಿಸಬೇಡ ಎಂಬ ಮಾತನ್ನು ಅತಿಯಾಗಿ ಪಾಲಿಸಿದವರಲ್ಲಿ ಎಷ್ಟೋ ಜನ ಬಂದು ನಿಲ್ಲುವುದು ಇಲ್ಲೇ.

ಸರಿ, ತಿರುವು ಬೇಡವಾ ಅಂದರೆ ಬೇಕು, ಖಂಡಿತ ಬೇಕು. ಪೂರ್ತಿ ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ ಹಿಂದಕ್ಕೆ ಎತ್ತುವಾಗ, ಭುಜ ಸುಮಾರು 90 ಡಿಗ್ರಿ ತಿರುಗುತ್ತದೆ, ಸೊಂಟ ಅದರ ಅರ್ಧ, ಸುಮಾರು 45. ಆ ವ್ಯತ್ಯಾಸದಲ್ಲಿ ಮೈಯ ಸ್ನಾಯುಗಳು ರಬ್ಬರ್ ಎಳೆದ ಹಾಗೆ ಬಿಗಿಯಾಗುತ್ತವೆ. ಆದರೆ ತಿರುಗುವುದಕ್ಕೆ ಆಧಾರ ಬೇಕಲ್ಲ? ಆಫೀಸಿನ ತಿರುಗುವ ಕುರ್ಚಿಯಲ್ಲಿ ಕೂತು ಎರಡೂ ಕಾಲು ಮೇಲೆತ್ತಿಕೊಳ್ಳಿ. ಈಗ ಜೋರಾಗಿ ಭುಜವನ್ನು ಎಡಕ್ಕೆ ತಿರುಗಿಸಿ. ಕುರ್ಚಿ ಬಲಕ್ಕೆ ಹೋಗುತ್ತದೆ. ಕಾಲು ನೆಲಕ್ಕೆ ಊರಿ ಮತ್ತೆ ಮಾಡಿ, ಈಗ ತಿರುವು ನಿಮ್ಮ ಕೈಲಿದೆ. ಅಷ್ಟೇ ವಿಷಯ. ಗಾಲ್ಫ್ ಶೂಗೆ ಅಡಿಯಲ್ಲಿ ಮುಳ್ಳುಗಳಿರುವುದು ಇದಕ್ಕೇ. ನಾವು ನೆಲವನ್ನು ಒತ್ತಿದಷ್ಟು ನೆಲ ನಮ್ಮನ್ನು ತಿರುಗಿ ಒತ್ತುತ್ತದೆ.

ಎಡಗಾಲಿಗೆ ಭಾರ ಬಂದಾಗ ಆ ಮಂಡಿ ಸ್ವಲ್ಪ ಮಡಿಸಿರುತ್ತದೆ. ಆಮೇಲೆ ಅದು ನೇರವಾಗುತ್ತಾ ನೆಲವನ್ನು ಕೆಳಕ್ಕೆ ಒದೆಯುತ್ತದೆ. ಲಿಫ್ಟ್ ಮೇಲಕ್ಕೆ ಹೊರಟ ಕ್ಷಣ ಮೈ ಭಾರವಾದ ಹಾಗೆ ಅನ್ನಿಸುತ್ತದಲ್ಲ, ಅದೇ ಕಥೆ. ದೂರ ಹೊಡೆಯುವವರಲ್ಲಿ ಆ ಕ್ಷಣ ಎಡಪಾದದ ಮೇಲಿನ ಒತ್ತಡ ಅವರ ಮೈತೂಕವನ್ನೇ ಮೀರುತ್ತದೆ. ಆ ಒದೆತದಿಂದ ಎಡಸೊಂಟ ಹಿಂದಕ್ಕೆ, ಮೇಲಕ್ಕೆ ಹೋಗುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಸೊಂಟ ತಿರುಗಿದ್ದು ಮಾತ್ರ. ಅದನ್ನೇ ಅವರು ಕಲಿಸುತ್ತಾರೆ. ನಿಮ್ಮ ಬರಹದಲ್ಲೂ ಆಗಿದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ಮೊದಲು ಪಕ್ಕಕ್ಕೆ ಒತ್ತಡ, ಆಮೇಲೆ ತಿರುವು, ಆಮೇಲೆ ಮೇಲಕ್ಕೆ ಒದೆತ. ಈ ಮೂರರ ಸಾಲು ತಪ್ಪಿದರೆ ಎಷ್ಟು ಬಲವಿದ್ದರೂ ವ್ಯರ್ಥ.

ಅದರ ಮೇಲಿನದು ಚಾವಟಿಯ ಹಾಗೆ. ಎತ್ತಿನ ಗಾಡಿಯವರು ಚಾವಟಿ ಬೀಸುವುದನ್ನು ನನ್ನ ವಯಸ್ಸಿನವರು ನೋಡಿರುತ್ತಾರೆ. ಕೈ ಬೀಸಿ ತಟ್ಟನೆ ನಿಲ್ಲಿಸಿದಾಗ ವೇಗ ಹಿಡಿಕೆಯಿಂದ ಹಗ್ಗಕ್ಕೆ, ಹಗ್ಗದಿಂದ ತುದಿಗೆ ಓಡಿ ಚಟೀರ್ ಅನ್ನುತ್ತದೆ. ಒಳ್ಳೆಯ ಸ್ವಿಂಗ್‌ನಲ್ಲಿ ಸೊಂಟ ಮೊದಲು ವೇಗ ಪಡೆದು, ಚೆಂಡಿಗೆ ತಾಗುವ ಮೊದಲೇ ನಿಧಾನವಾಗುತ್ತದೆ. ಆಗ ಎದೆ ಅದನ್ನು ಹಿಂದಿಕ್ಕುತ್ತದೆ, ಎದೆ ನಿಧಾನವಾದಾಗ ತೋಳು, ತೋಳು ನಿಧಾನವಾದಾಗ ಕ್ಲಬ್. ಭಾರವಾದದ್ದರಿಂದ ಹಗುರವಾದದ್ದಕ್ಕೆ ವೇಗ ಕೈ ಬದಲಾಯಿಸುತ್ತದೆ. ಅಂದರೆ ಸೊಂಟವನ್ನು ಕೊನೆಯವರೆಗೂ ಜೋರಾಗಿ ತಿರುಗಿಸುತ್ತಲೇ ಇರಬೇಕು ಎಂಬುದೇ ತಪ್ಪು. ಅದು ನಿಧಾನವಾಗಲೇಬೇಕು. ನಿಧಾನ ಮಾಡುವುದು ಯಾರು? ಗಟ್ಟಿಯಾಗಿ ಊರಿದ ಎಡಗಾಲು.

ಭಾರ ಬಲಗಾಲಲ್ಲೇ ಉಳಿದು ಸೊಂಟ ಮಾತ್ರ ಸುತ್ತಿದರೆ ಏನಾಗುತ್ತದೆ ಅಂತ ನನ್ನ ಮೈಮೇಲೇ ನೋಡಿದ್ದೇನೆ. ಬಲಭುಜ ಚೆಂಡಿನ ಕಡೆ ಹೊರಗೆ ಚಾಚುತ್ತದೆ. ಕ್ಲಬ್ ಹೊರಗಿನಿಂದ ಒಳಕ್ಕೆ ಚೆಂಡನ್ನು ಕುಯ್ದ ಹಾಗೆ ಬರುತ್ತದೆ. ಚೆಂಡು ಪಕ್ಕಕ್ಕೆ ಸುತ್ತಿಕೊಂಡು ಬಲಕ್ಕೆ ಬಾಗುತ್ತದೆ. ಇದೇ ಸ್ಲೈಸ್. ಕ್ಲಬ್ ಬದಲಿಸಿದರೆ, ಹಿಡಿತ ಬದಲಿಸಿದರೆ ಸರಿಹೋಗುತ್ತದೆ ಅಂತ ಜನ ದುಡ್ಡು ಸುರಿಯುತ್ತಾರೆ. ಬಹಳ ಸಲ ತಪ್ಪು ಇರುವುದು ಬಲಗಾಲಿನ ಹಿಮ್ಮಡಿಯಲ್ಲಿ, ಅದು ನೆಲ ಬಿಡದೆ ಕೂತಿರುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಮರಳಿನ ಮೇಲೆ ಒಂದು ಗೆರೆ ಎಳೆಯಿರಿ. ಚೆಂಡು ಬೇಡ. ಗೆರೆ ಎರಡು ಕಾಲಿನ ನಡುವೆ ಬರುವಂತೆ ನಿಂತು ಐರನ್ ಬೀಸಿ. ಮರಳು ಹಾರಿದ ಜಾಗ ಗೆರೆಯ ಎಡಕ್ಕೆ, ಗುರಿಯ ಕಡೆ ಇದ್ದರೆ ಭಾರ ಸಾಗಿದೆ. ಗೆರೆಯ ಹಿಂದೆ ಇದ್ದರೆ ಸಾಗಿಲ್ಲ. ಟಿವಿಯಲ್ಲಿ ದೊಡ್ಡ ಆಟಗಾರರು ಐರನ್ ಹೊಡೆದಾಗ ಹುಲ್ಲಿನ ಹೆಂಟೆ ಎದ್ದು ಬರುತ್ತದಲ್ಲ, ಆ ಗುಂಡಿ ಯಾವಾಗಲೂ ಚೆಂಡಿದ್ದ ಜಾಗದ ಮುಂದೆ ಇರುತ್ತದೆ. ಮೊದಲು ಚೆಂಡು, ಆಮೇಲೆ ನೆಲ. ನಾವು ಮೊದಲು ನೆಲ ಅಗೆದು ಆಮೇಲೆ ಚೆಂಡು ಮುಟ್ಟುತ್ತೇವೆ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ವಿಷಯ ಸ್ವಲ್ಪ ಬೇರೆ, ಅಲ್ಲಿ ಚೆಂಡು ಟೀ ಎಂಬ ಪುಟ್ಟ ಗೂಟದ ಮೇಲೆ ಎಡ ಹಿಮ್ಮಡಿಯ ಎದುರಿರುತ್ತದೆ, ಮೇಲೇರುತ್ತಾ ಹೊಡೆಯುವುದು ಒಳ್ಳೆಯದು, ತಲೆ ಚೆಂಡಿನ ಹಿಂದೆಯೇ ಉಳಿಯಬೇಕು. ಆದರೂ ಒತ್ತಡ ಎಡಕ್ಕೆ ಬರಲೇಬೇಕು.

ತಲೆ ವಿಷಯಕ್ಕೆ ಬಂದರೆ, ಮೇಜರ್ ಎನ್ನುವ ದೊಡ್ಡ ಟೂರ್ನಿಗಳನ್ನು 18 ಸಲ ಗೆದ್ದ ಜ್ಯಾಕ್ ನಿಕ್ಲಾಸ್ ಹುಡುಗನಾಗಿದ್ದಾಗ ಅವರ ಗುರು ಜ್ಯಾಕ್ ಗ್ರೌಟ್ ತಮ್ಮ ಸಹಾಯಕನಿಂದ ಅವರ ಕೂದಲು ಹಿಡಿಸಿ ಸ್ವಿಂಗ್ ಮಾಡಿಸುತ್ತಿದ್ದರು. ತಲೆ ಅಲುಗಿದರೆ ನೋವಾಗಬೇಕು, ಹಾಗೆ. ಈ ಕಥೆ ಎಲ್ಲರೂ ಹೇಳುತ್ತಾರೆ. ಆದರೆ ಅದೇ ನಿಕ್ಲಾಸ್ ಸ್ವಿಂಗ್ ನೋಡಿ, ಹಿಂದಕ್ಕೆ ತಿರುಗುವಾಗ ಎಡ ಹಿಮ್ಮಡಿ ನೆಲದಿಂದ ಚೆನ್ನಾಗಿ ಮೇಲೇಳುತ್ತದೆ, ಕೆಳಗೆ ಬರುವಾಗ ಆ ಹಿಮ್ಮಡಿ ನೆಲಕ್ಕೆ ಊರುವುದೇ ಮೊದಲ ಕೆಲಸ. ಮೇಲೆ ತಲೆ ಸ್ಥಿರ, ಕೆಳಗೆ ಕಾಲು ಬಿಡುಬೀಸು. ಹಿಮ್ಮಡಿಯ ಅರ್ಧ ಬಿಟ್ಟು ತಲೆಯ ಅರ್ಧ ಮಾತ್ರ ಹೇಳಿದರೆ ಕಲಿಯುವವನ ಬೆನ್ನು ಮುರಿಯುತ್ತದೆ.

ಸೊಂಟದಿಂದಲೇ ಶುರು ಮಾಡಿ ಎಂದು ಗಟ್ಟಿಯಾಗಿ ಹೇಳಿದವರು ಅಮೆರಿಕದ ಬೆನ್ ಹೋಗನ್. 1949ರಲ್ಲಿ ಅವರ ಕಾರಿಗೆ ಬಸ್ ಡಿಕ್ಕಿಯಾಗಿ ಸೊಂಟದ ಮೂಳೆಯೇ ಮುರಿದಿತ್ತು. 1950ರಲ್ಲಿ ಬ್ಯಾಂಡೇಜ್ ಸುತ್ತಿದ ಕಾಲಲ್ಲಿ ನಡೆದು ಯುಎಸ್ ಓಪನ್ ಗೆದ್ದರು. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರ ಸ್ವಿಂಗ್ ನಿಧಾನವಾಗಿ ನೋಡಿದರೆ ಸೊಂಟ ಸುತ್ತುವ ಮೊದಲು ಗುರಿಯ ಕಡೆ ಸರಿಯುವುದು ಕಾಣಿಸುತ್ತದೆ. ಅವರಿಗೆ ಅದು ಉಸಿರಾಟದಷ್ಟು ಸಹಜ, ಹಾಗಾಗಿ ತಿರುವಿನ ಮೇಲೆ ಒತ್ತು ಕೊಟ್ಟರು ಎಂಬುದು ನನ್ನ ಅಭಿಪ್ರಾಯ. ಕೇಳಿದವರು ತಿರುವನ್ನು ಮಾತ್ರ ಹಿಡಿದುಕೊಂಡರು.

ಭಾರವನ್ನು ಬಲಕ್ಕೆ ಕಳಿಸುವುದೇ ಬೇಡ, ಮೊದಲಿನಿಂದ ಕೊನೆಯವರೆಗೆ ಎಡಗಾಲಲ್ಲೇ ಇರಲಿ ಎನ್ನುವ ಸ್ಟ್ಯಾಕ್ ಅಂಡ್ ಟಿಲ್ಟ್ ಪದ್ಧತಿಯೂ ಇದೆ. ಸಣ್ಣ ಐರನ್ ಹೊಡೆತಗಳಿಗೆ ಅದು ಕೆಲಸ ಮಾಡುತ್ತದೆ, ನಾನೂ ಮಾಡಿ ನೋಡಿದ್ದೇನೆ. ಜಗಳ ಇರುವುದು ಬಲಕ್ಕೆ ಹೋಗಬೇಕೋ ಬೇಡವೋ ಎಂಬುದರಲ್ಲಿ. ಚೆಂಡಿಗೆ ತಾಗುವಾಗ ಎಡಗಾಲ ಮೇಲಿರಬೇಕು ಎಂಬುದರಲ್ಲಿ ಜಗಳವೇ ಇಲ್ಲ.

ಟೈಗರ್ ವುಡ್ಸ್ ಎಡಗಾಲಿನ ಮೇಲೆ ಹಾಕಿದ ಬಲವನ್ನು ಜಗತ್ತೇ ನೋಡಿದೆ. 2008ರ ಯುಎಸ್ ಓಪನ್ ಅನ್ನು ಅವರು ಹರಿದ ಮಂಡಿಯ ಲಿಗಮೆಂಟ್ ಮತ್ತು ಬಿರುಕು ಬಿಟ್ಟ ಮೊಣಕಾಲ ಕೆಳಗಿನ ಮೂಳೆಯೊಂದಿಗೆ ಗೆದ್ದರು, ಅದೂ ಎಡಗಾಲೇ. ಆಮೇಲೆ ಬೆನ್ನಿಗೆ ಒಂದರ ಮೇಲೊಂದು ಶಸ್ತ್ರಚಿಕಿತ್ಸೆ, 2017ರಲ್ಲಿ ಕೆಳಬೆನ್ನಿನ ಮೂಳೆಗಳನ್ನು ಬೆಸೆದರು. 2019ರಲ್ಲಿ ಮತ್ತೆ ಮಾಸ್ಟರ್ಸ್ ಗೆದ್ದರು ಅನ್ನುವುದು ಖುಷಿಯ ಮಾತು. ಆದರೆ ಅಂಥ ಕಟ್ಟುಮಸ್ತಾದ ಮೈಗೇ ಹೀಗಾದರೆ, 60 ದಾಟಿದವರಿಗೆ, 10–12 ವರ್ಷದ ಮಕ್ಕಳಿಗೆ ಬರೀ ಜೋರಾಗಿ ತಿರುಗಿ ಅಂತ ಹೇಳಬಹುದಾ?

ಮಕ್ಕಳ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾನು ಈಗ ಹೋಗುವ ರೇಂಜ್‌ಗೆ ಹನ್ನೊಂದು ವರ್ಷದ ಒಂದು ಹುಡುಗಿ ಬರುತ್ತಾಳೆ. ತೆಳ್ಳಗಿನ ಮಗು, ಕೈಯಲ್ಲಿ ಬಲವಿಲ್ಲ, ಆದ್ದರಿಂದ ಮೈಯೆಲ್ಲ ಬೀಸಿ ಹೊಡೆಯುತ್ತಿತ್ತು. ಹಿಮ್ಮಡಿ ಏಳುತ್ತಿತ್ತು, ಬಲಗಾಲ ಮಂಡಿ ಒಳಗೆ ಬರುತ್ತಿತ್ತು, ನೋಡಲು ಚೆಂದ, ಚೆಂಡೂ ಚೆನ್ನಾಗಿ ಹೋಗುತ್ತಿತ್ತು. ಒಂದು ವಾರ ಬಿಟ್ಟು ನೋಡಿದರೆ ಕಂಬದ ಹಾಗೆ ನಿಂತಿದ್ದಾಳೆ. ಕಾಲು ಅಲುಗಬಾರದು, ಸೊಂಟ ಮಾತ್ರ ತಿರುಗಬೇಕು ಅಂತ ಯಾರೋ ಹೇಳಿದ್ದರಂತೆ. ನನಗೆ ಕಣ್ಣಲ್ಲಿ ನೀರು ಬಂತು. ಸುಮ್ನೆ ಹೇಳುತ್ತಿಲ್ಲ, ನಿಜಕ್ಕೂ ಬಂತು. ದೇವರು ಕೊಟ್ಟದ್ದನ್ನು ನಾವು ಕಿತ್ತುಕೊಳ್ಳುತ್ತಿದ್ದೇವೆ. ಅವಳ ತಂದೆ ಹತ್ತಿರ ಮಾತಾಡಿ, ಒಂದು ಹಳೇ ಟೆನಿಸ್ ಚೆಂಡು ಕೊಟ್ಟು, ಇದನ್ನು ಗೋಡೆಗೆ ಜೋರಾಗಿ ಪಕ್ಕದಿಂದ ಎಸೆಯಮ್ಮಾ ಅಂದೆ. ಎಸೆದಳು. ಎಡಗಾಲು ಮೊದಲು ಊರಿತು, ಸೊಂಟ ತಾನಾಗಿ ತಿರುಗಿತು. ಈಗ ಇದೇ ಕಾಲಲ್ಲಿ ಕ್ಲಬ್ ಬೀಸು ಅಂದೆ. ಬೇರೇನೂ ಹೇಳಲಿಲ್ಲ.

ನಮ್ಮಲ್ಲಿ ಗಾಲ್ಫ್ ಹೊಸತೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಬಿಡದಿ ಹತ್ತಿರದ ಮೈದಾನದ ಪಕ್ಕದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಹಳ್ಳಿ ಮಕ್ಕಳ ಮೈಯಲ್ಲಿ ಈ ಬೀಸು ಮೊದಲೇ ಇರುತ್ತದೆ, ಕೊಡಲಿ ಹಿಡಿದವರು, ಕವಣೆ ಬೀಸಿದವರು ಅವರು. ಅವರಿಗೆ ಕನ್ನಡದಲ್ಲಿ ಸರಿಯಾಗಿ ಹೇಳುವವರು ಬೇಕು. ದೈಹಿಕ ಶಿಕ್ಷಕರಿಗೆ ಒಂದು ದಿನದ ತರಬೇತಿ ಕೊಟ್ಟರೂ ಸಾಕು, ಕೋಲು ಮತ್ತು ರಬ್ಬರ್ ಚೆಂಡಿನಲ್ಲಿ ಶಾಲೆಯ ಮೈದಾನದಲ್ಲೇ ಕಾಲಿನ ಕೆಲಸ ಕಲಿಸಬಹುದು. ಹುಲ್ಲು, ಗುಂಡಿ, ಬಾವುಟ ಎಲ್ಲ ಆಮೇಲೆ.

ನನ್ನ ಬೆನ್ನು ಈಗ ಸರಿಯಾಗಿದೆ. 7 ಐರನ್‌ನಲ್ಲಿ ಮೊದಲಿಗಿಂತ ಕಡಿಮೆ ಶ್ರಮದಲ್ಲಿ 20 ಗಜ ಜಾಸ್ತಿ ಹೋಗುತ್ತದೆ, ಬಹುಪಾಲು ನೇರವಾಗಿ. ಹೊಡೆಯುವ ಮೊದಲು ಸೊಂಟದ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೇನೆ. ಎಡಪಾದದ ಹೆಬ್ಬೆರಳ ಬುಡಕ್ಕೆ ಬೇಗ ಬರಬೇಕು, ಅಷ್ಟೇ ಮನಸ್ಸಿನಲ್ಲಿರುತ್ತದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಆ ಬರಹಕ್ಕೆ ಒಂದು ತಿದ್ದುಪಡಿ ಹಾಕಿ, ನಾಲ್ಕು ಸಾಲಿನದ್ದಾದರೂ ಪರವಾಗಿಲ್ಲ. ಮುಂದೆ ಅದಿತಿಯದೋ ಬೇರೆ ಯಾರದೋ ಸ್ವಿಂಗ್ ಚಿತ್ರ ಹಾಕುವಾಗ ಜಾಗ ಸಾಲದಿದ್ದರೆ ಮೇಲಿನ ಆಕಾಶ ಕತ್ತರಿಸಿ, ಹಿಂದಿನ ಮರ ಕತ್ತರಿಸಿ, ಶೂ ಉಳಿಸಿ. ಆಗುವುದಾದರೆ ಮೂರು ಚಿತ್ರ ಸಾಲಾಗಿ ಹಾಕಿ: ಕ್ಲಬ್ ಮೇಲಿರುವಾಗ, ಕೆಳಗೆ ಬರುತ್ತಿರುವಾಗ, ಚೆಂಡಿಗೆ ತಾಗುವಾಗ. ಎದುರಿನಿಂದ ತೆಗೆದದ್ದಾಗಿರಲಿ, ಎರಡೂ ಹಿಮ್ಮಡಿ ಕಾಣುವ ಹಾಗೆ. ಆ ಹುಡುಗಿಗೂ ಒಂದು ಪ್ರತಿ ತೆಗೆದುಕೊಂಡು ಹೋಗಿ ಕೊಡುತ್ತೇನೆ.

ಇಂತಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ, ಮೈಸೂರು